ಪಟ್ಟಿಯಲ್ಲಿಲ್ಲದ ಕಾಫಿ

ಫ್ಲಾಸ್ಕಿನ ಬಣ್ಣ ಹಸಿರು ಎಂದು ನನ್ನ ನೆನಪು. ನಮ್ಮತ್ತೆ ಕೆಂಪು ಎನ್ನುತ್ತಾರೆ. ಅಟ್ಟ ಹತ್ತಿ ಹುಡುಕಿದರೆ ಐದು ನಿಮಿಷದಲ್ಲಿ ತೀರುವ ಜಗಳ ಇದು. ಆದರೆ ಮೂರು ವರ್ಷದಿಂದ ಇಬ್ಬರೂ ಅಟ್ಟ ಹತ್ತಿಲ್ಲ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಕೊಟ್ಟೂರಿನ ಜೂನಿಯರ್ ಕಾಲೇಜಿನಲ್ಲಿ, ಯಾರೇ ಬರೆದಿರಲಿ ಒಮ್ಮೆ ಅನುಮಾನದಿಂದ ನೋಡಿ ಎಂದು ಮಕ್ಕಳಿಗೆ ಪಾಠ ಹೇಳುವವಳು. ಆದ್ದರಿಂದ ನನ್ನನ್ನೂ ಹಾಗೇ ನೋಡಿ. ಯಾವ ಮಾತು ಯಾವ ವಾರ ಬಂತು, ಯಾರು ಮೊದಲು ನಕ್ಕರು, ಇಂಥವು ನನ್ನೊಳಗೆ ಅದಲುಬದಲಾಗಿವೆ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಈ ಸಂಗತಿಯಲ್ಲಿ ನನಗೆ ಕೈಕೊಟ್ಟದ್ದು ನೆನಪಿಗಿಂತ ಹೆಚ್ಚಾಗಿ ನನ್ನ ಬರವಣಿಗೆಯೇ.

ಇದನ್ನು ಈಗ ಬರೆಯಲು ಕಾರಣ ನಮ್ಮ ಕಾಲೇಜಿನ ಹೊಸ ಮೇಡಂ. ಹೋದ ತಿಂಗಳು ಆಕೆ ರಕ್ತಪರೀಕ್ಷೆಯ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟು, ಸ್ಟಾಫ್ ರೂಮಿನ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಆರು ತಿಂಗಳ ಬಸುರಿ, ಸಕ್ಕರೆ ಕಾಣಿಸಿಕೊಂಡಿದೆ. "ನನಗೊಬ್ಬಾಕಿಗೇ ಯಾಕ್ರಿ ಮೇಡಂ?" ಎಂದರು. ಒಬ್ಬಾಕೆ ಅಲ್ಲ ಎಂದು ತೋರಿಸಲು ನನ್ನ ಬಳಿ ಇದ್ದದ್ದು ನನ್ನದೇ ಕಥೆ. ಅರ್ಧ ಹೇಳುವಷ್ಟರಲ್ಲಿ ಬೆಲ್ಲು ಹೊಡೆಯಿತು. ಉಳಿದದ್ದು ಇಲ್ಲಿದೆ.

ನನ್ನ ಮೊದಲ ಮಗು ಏಳನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಹೋಗಿತ್ತು. ಯಾಕೆ ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. ಎರಡು ವರ್ಷದ ಮೇಲೆ ಮತ್ತೆ ದಿನ ನಿಂತಾಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಸಂತೋಷಪಡಲಿಲ್ಲ. ನನ್ನ ಗಂಡ ವೀರೇಶ ಅವರದು ಕೂಡ್ಲಿಗಿ ರಸ್ತೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುದ್ದಿ ಕೇಳಿ ಅವರು "ಹೌದಾ?" ಅಂದರು, ಹೋಗಿ ಕೈ ತೊಳೆದುಕೊಂಡು ಬಂದರು, ಮತ್ತೆ "ಹೌದಾ?" ಅಂದರು. ನಮ್ಮತ್ತೆ ದೇವರ ಮುಂದೆ ದೀಪ ಹಚ್ಚಿದರು, ಯಾರಿಗೂ ಏನೂ ಹೇಳಲಿಲ್ಲ.

ಎರಡನೇ ತಿಂಗಳಿಂದಲೇ ವಾಂತಿ. ನೀರೂ ನಿಲ್ಲುತ್ತಿರಲಿಲ್ಲ. ದಾವಣಗೆರೆಯ ಡಾಕ್ಟರಮ್ಮನ ಹತ್ತಿರ ತೋರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ನನಗೆ ಕಣ್ಣು ಕತ್ತಲೆ ಬಂತು. ರಸ್ತೆಯ ಪಕ್ಕದಲ್ಲಿ ಹೊಸದಾಗಿ ಒಂದು ಕಾಫಿ ಅಂಗಡಿ ಆಗಿತ್ತು. ದೊಡ್ಡ ದೊಡ್ಡ ಊರುಗಳಲ್ಲೆಲ್ಲ ಒಂದೇ ಬೋರ್ಡು, ಒಂದೇ ಬಣ್ಣದ ಕುರ್ಚಿ ಇಟ್ಟುಕೊಂಡು ಅಂಗಡಿ ತೆಗೆಯುವ ಕಂಪನಿಯದು. ಗಾಜಿನ ಬಾಗಿಲು, ಒಳಗೆ ಎ.ಸಿ. ಕಾಫಿಗಾಗಿ ಅಲ್ಲ, ತಂಪಿಗಾಗಿ ಒಳಗೆ ಹೋದೆವು. ಸುಮ್ಮನೆ ಕೂರಲು ನಾಚಿಕೆಯಾಗಿ ವೀರೇಶ ಅವರು ಗೋಡೆಯ ಮೇಲಿನ ಒಂದು ಚಿತ್ರಕ್ಕೆ ಬೆರಳು ಮಾಡಿ "ಅದು ಒಂದು" ಅಂದರು.

ಉದ್ದನೆಯ ಗಾಜಿನ ಲೋಟ. ಮೇಲೆ ಬಿಳಿ ಕೆನೆ, ಕೆನೆಯ ಮೇಲೆ ಕಂದು ಗೆರೆ. ಒಂದು ಗುಟುಕು ಕುಡಿದು ಬಚ್ಚಲಿನ ಬಾಗಿಲು ಎಲ್ಲಿದೆ ಎಂದು ನೋಡಿಟ್ಟುಕೊಂಡೆ. ಏನೂ ಆಗಲಿಲ್ಲ. ಇನ್ನೊಂದು ಗುಟುಕು. ಇಡೀ ಲೋಟ ಮುಗಿಯಿತು, ಹೊಟ್ಟೆಯಲ್ಲಿ ನಿಂತಿತು. ಹದಿನೈದು ದಿನದಲ್ಲಿ ನಿಂತ ಮೊದಲ ಆಹಾರ ಅದು. ನಾನು ಅಲ್ಲೇ ಅತ್ತುಬಿಟ್ಟೆ. ಅವತ್ತಿನ ದಿನಚರಿಯಲ್ಲಿ ಒಂದೇ ಪದ ಇದೆ: "ನಿಂತಿತು."

ಮನೆಗೆ ಬಂದು ಹೇಳಿದ್ದೇ ತಡ, ಅದು ನನ್ನ ಬಯಕೆ ಎಂದು ನಮ್ಮತ್ತೆ ತೀರ್ಪು ಕೊಟ್ಟರು. ನಮ್ಮ ಕಡೆ ಬಸುರಿಯ ಬಯಕೆಗೆ ಇಲ್ಲ ಎನ್ನುವ ಹಾಗಿಲ್ಲ. ಇಲ್ಲ ಅಂದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬ ನಂಬಿಕೆ. ನಮ್ಮ ಮನೆಯಲ್ಲಿ ಇದಕ್ಕೆ ಸಾಕ್ಷಿಯೇ ಓಡಾಡಿಕೊಂಡಿದೆ: ನನ್ನ ಮೈದುನ ಕೊಟ್ರೇಶ. ಅವನು ಹೊಟ್ಟೆಯಲ್ಲಿದ್ದಾಗ ಅತ್ತೆಗೆ ಕಬ್ಬಿನಹಾಲಿನ ಆಸೆ ಆಗಿತ್ತಂತೆ. ಯಾರೂ ತಂದುಕೊಡಲಿಲ್ಲ. ಕೊಟ್ರೇಶನ ಎಡಗಿವಿ ಏಳು ವರ್ಷದವರೆಗೆ ಸೋರಿತು, ಇವತ್ತಿಗೂ ಆ ಕಡೆ ಮಂದ.

"ಲೇ ಕೊಟ್ರ್ಯಾ, ನಿನ್ನ ಬಸ್ಸು ದಿನಾ ದಾವಣಗೆರಿಗೆ ಹೋಗತೈತಿಲ್ಲೋ?" ಎಂದರು ಅತ್ತೆ.

ಕೊಟ್ರೇಶ ಸರ್ಕಾರಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಕೊಟ್ಟೂರು ಬಿಟ್ಟರೆ ಹರಪನಹಳ್ಳಿ ಮೇಲೆ ದಾವಣಗೆರೆ, ಮಧ್ಯಾಹ್ನ ವಾಪಸ್ಸು.

"ಹೋಗತೈತಿ. ಯಾಕಬೇ?"

"ನಿಮ್ಮ ಅತ್ತಿಗಿಗೆ ಆ ಕಾಫಿ ತಂದುಕೊಡು. ನಿನ್ನ ಕಿವಿ ನೆನಸ್ಕ್ಯಂಡು ತಂದುಕೊಡು."

"ಯಾವ ಕಿವಿ ನೆನಸ್ಕ್ಯಳ್ಳಿ? ಒಂದಕ್ಕ ಕೇಳಸ್ತು, ಇನ್ನೊಂದಕ್ಕ ಕೇಳಸಲಿಲ್ಲ," ಎಂದು ಕೊಟ್ರೇಶ ನಕ್ಕ. ಮರುದಿನ ಫ್ಲಾಸ್ಕು ತೊಳೆದು ಚೀಲದಲ್ಲಿಟ್ಟುಕೊಂಡು ಹೋದ.

ಹೀಗೆ ಶುರುವಾಯಿತು. ಅಂಗಡಿಯ ಬೋರ್ಡಿನ ಮೇಲೆ ಅದಕ್ಕೆ ಇಂಗ್ಲಿಷಿನಲ್ಲಿ ಮೂರು ಪದದ ಹೆಸರಿತ್ತು. ನಮ್ಮ ಮನೆಯಲ್ಲಿ ಅದು "ದಾವಣಗೆರಿ ಕಾಫಿ". ಎರಡೂವರೆ ತಾಸು ಬಸ್ಸಿನಲ್ಲಿ ಕುಲುಕಿ ಬರುವಷ್ಟರಲ್ಲಿ ಕೆನೆ ಇಳಿದು, ಐಸು ಕರಗಿ, ಮಣ್ಣಿನ ಬಣ್ಣದ ದಪ್ಪ ಹಾಲಿನಂತಾಗಿರುತ್ತಿತ್ತು. ಮೂರೂವರೆಗೆ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಿದ್ದೆ. ಕೊಟ್ರೇಶನ ಡ್ಯೂಟಿ ಇದ್ದ ದಿನವೆಲ್ಲ ಕಾಫಿ ಇತ್ತು. ಐದನೇ ತಿಂಗಳಿಗೆ ವಾಂತಿ ತಾನಾಗಿ ನಿಂತಿತು. ಕಾಫಿ ನಿಲ್ಲಲಿಲ್ಲ. ನಿಲ್ಲಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ.

ಆರನೇ ತಿಂಗಳ ಪರೀಕ್ಷೆಯಲ್ಲಿ ಸಕ್ಕರೆ ಸಿಕ್ಕಿತು. ಊಟದ ನಂತರದ ಸಂಖ್ಯೆ ಇನ್ನೂರ ಹನ್ನೆರಡೋ, ಇನ್ನೂರ ಇಪ್ಪತ್ತೆರಡೋ. ದಿನಚರಿಯಲ್ಲಿ ಆ ಜಾಗದಲ್ಲಿ ಮಸಿ ಹರಡಿದೆ, ಯಾಕೆ ಹರಡಿತು ಎಂದು ಹೇಳಬೇಕಾಗಿಲ್ಲ. ಡಾಕ್ಟರಮ್ಮ ಹೆದರಿಸಲಿಲ್ಲ. "ಮೊದಲನೇ ಸಲ ಯಾರಾದರೂ ಸಕ್ಕರೆ ನೋಡಿದ್ರಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರು ಪೆನ್ನನ್ನು ಮೇಜಿನ ಮೇಲಿಟ್ಟು ನನ್ನ ಹಳೆಯ ಚೀಟಿಗಳನ್ನು ಮತ್ತೆ ತಿರುವಿದರು. ಅದು ನನಗೆ ಹೆದರಿಕೆ ಹುಟ್ಟಿಸಿತು. ಆಮೇಲೆ ಒಂದು ನೋಟ್‌ಬುಕ್ಕು ಮಾಡಲು ಹೇಳಿದರು. ದಿನವೂ ಏನೇನು ಊಟ ಮಾಡುತ್ತೇನೋ ಎಲ್ಲ ಬರೆಯಬೇಕು. ಎರಡು ವಾರಕ್ಕೊಮ್ಮೆ ತಂದು ತೋರಿಸಬೇಕು.

ಬರೆಯುವ ಕೆಲಸವಲ್ಲವೇ, ಅದರಲ್ಲಿ ನಾನು ಜಾಣೆ. ಸ್ಕೇಲು ಹಿಡಿದು ಗೆರೆ ಎಳೆದು ಪಟ್ಟಿ ಮಾಡಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ. ಜೋಳದ ರೊಟ್ಟಿ ಒಂದೂವರೆ, ಹೆಸರುಕಾಳಿನ ಪಲ್ಯ, ಮಜ್ಜಿಗೆ, ಮೆಂತ್ಯದ ಸೊಪ್ಪು. ಅರ್ಧ ರೊಟ್ಟಿಯನ್ನೂ ಬಿಡಲಿಲ್ಲ. ಒಂದು ದಿನ ಕಾಲೇಜಿನಲ್ಲಿ ಯಾರೋ ಮಂಡಕ್ಕಿ ತಿನ್ನುವಾಗ ಒಂದು ಹಿಡಿ ಬಾಯಿಗೆ ಹಾಕಿಕೊಂಡದ್ದನ್ನೂ ಬರೆದು, ಮುಂದೆ "ತಪ್ಪಾಯಿತು" ಎಂದು ಸೇರಿಸಿದ್ದೇನೆ.

ಮನೆಯಲ್ಲಿ ನಮ್ಮತ್ತೆ ಬಾಗಿಲು ಕಾಯಲು ನಿಂತರು. ನಮ್ಮ ಓಣಿಯಲ್ಲಿ ಬಸುರಿಗೆ ಡಬ್ಬಿ ತುಂಬಿ ತಿನಿಸು ತರುವುದು ಪದ್ಧತಿ. ಕರ್ಚಿಕಾಯಿ, ಶೇಂಗಾ ಹೋಳಿಗೆ, ಮಾದಲಿ. ಅತ್ತೆ ಹೊಸ್ತಿಲಲ್ಲೇ ಮುಚ್ಚಳ ತೆಗೆಸಿ ನೋಡುತ್ತಿದ್ದರು.

"ಏನೈತಿ ಇದರಾಗ?"

"ಮಾದಲಿ ತಂದೀನಿ ಯಕ್ಕಾ. ಬೆಲ್ಲದ್ದು, ಸಕ್ಕರಿ ಹಾಕಿಲ್ಲ."

"ಬೆಲ್ಲ ಏನು ಸಕ್ಕರಿಗೆ ಸವತಿಯೇನು? ಅಕ್ಕತಂಗೇರ ಅವು. ತಗಂಡು ಹೋಗು."

ಮನೆಯಲ್ಲಿ ಎಲ್ಲರಿಗೂ ಸಪ್ಪೆ ಚಹಾ. ವೀರೇಶ ಅವರು ಅಂಗಡಿಯಲ್ಲಿ ಕದ್ದು ಸಕ್ಕರೆ ಚಹಾ ಕುಡಿಯುತ್ತಾರೆ ಎಂದು ಗೊತ್ತಾಗಿ, ಅತ್ತೆ ಹೋಟೆಲಿನವನಿಗೇ ಹೋಗಿ ಹೇಳಿಬಂದರು. ಇಷ್ಟೆಲ್ಲ ಕಾವಲಿನ ನಡುವೆ, ದಿನವೂ ಮೂರೂವರೆಗೆ, ಅದೇ ಅತ್ತೆ ತಾವೇ ಫ್ಲಾಸ್ಕಿನ ಬಿರಡೆ ತಿರುಗಿಸಿ ನನಗೆ ದಾವಣಗೆರಿ ಕಾಫಿ ಬಗ್ಗಿಸಿ ಕೊಡುತ್ತಿದ್ದರು.

ಓದುವವರಿಗೆ ಈಗ ನಗು ಬರಬಹುದು. ನಮಗೆ ಬರಲಿಲ್ಲ. ಕಾಫಿ ಎಂದರೆ ಕಹಿ. ಕಹಿ ಸಕ್ಕರೆಗೆ ಮದ್ದು, ಹಾಗಲಕಾಯಿಯ ಹಾಗೆ, ಬೇವಿನ ಹಾಗೆ. ಅದು ಸಿಹಿ ಇದೆಯಲ್ಲ ಎಂದು ನಾಲಿಗೆ ಹೇಳುತ್ತಿತ್ತು ನಿಜ. ಆದರೆ ಅದು ವಾಂತಿ ನಿಲ್ಲಿಸಿದ ಮದ್ದು, ಬಯಕೆಯ ವಸ್ತು. ತಿನಿಸಿನ ಲೆಕ್ಕಕ್ಕೆ ಬರುವಂಥದ್ದಲ್ಲ. ಡಾಕ್ಟರಮ್ಮ ಕೇಳಿದ್ದು ಊಟ. ಕುಡಿಯುವುದು ಊಟ ಹೇಗಾಗುತ್ತದೆ? ಹೀಗೆ ನಾನು ಅವತ್ತು ಯೋಚಿಸಿದ್ದೆ ಎಂದು ಇವತ್ತು ಹೇಳುತ್ತಿದ್ದೇನೆ. ನಿಜವಾಗಿ ಯೋಚಿಸಿದ್ದೆನೋ, ಅಥವಾ ಯೋಚಿಸದೆ ಬಿಟ್ಟದ್ದಕ್ಕೆ ಈಗ ಕಾರಣ ಹೊಲಿಯುತ್ತಿದ್ದೇನೋ, ಗೊತ್ತಿಲ್ಲ. ಯಾಕೆಂದರೆ ಮಜ್ಜಿಗೆಯೂ ಕುಡಿಯುವಂಥದ್ದೇ. ಅದು ಪಟ್ಟಿಯಲ್ಲಿದೆ.

ಎರಡು ವಾರ ಬಿಟ್ಟು ತೋರಿಸಲು ಹೋದಾಗ ಬೇಸಿಗೆ ಜೋರಾಗಿತ್ತು. ಹೊಲದ ಮೋಟಾರುಗಳೆಲ್ಲ ಸುಟ್ಟುಕೊಂಡು ವೀರೇಶ ಅವರ ಅಂಗಡಿಯ ಮುಂದೆ ಸಾಲುಗಟ್ಟಿದ್ದವು. ಅವರು ಬರಲಾಗಲಿಲ್ಲ. ಕೊಟ್ರೇಶ ರಜೆ ಹಾಕಿ ಜೊತೆಗೆ ಬಂದ.

ಆ ಆಸ್ಪತ್ರೆಯ ಪಡಸಾಲೆ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ, ಆದರೆ ಕೆಟ್ಟ ಕನಸಲ್ಲ. ಉಂಡು ಎರಡು ತಾಸಿಗೆ ರಕ್ತ ಕೊಡಬೇಕಾದ್ದರಿಂದ, ಸಕ್ಕರೆಯ ಬಸುರಿಯರೆಲ್ಲ ಬುತ್ತಿ ತಂದು ಅಲ್ಲೇ ಉಣ್ಣುತ್ತಿದ್ದರು. ಹತ್ತಾರು ಹೆಂಗಸರು ಬೆಂಚಿನ ಮೇಲೆ ಸಾಲಾಗಿ ರೊಟ್ಟಿ ಮುರಿಯುತ್ತ, ಎಲ್ಲರ ಕಣ್ಣೂ ಗೋಡೆ ಗಡಿಯಾರದ ಮೇಲೆ. ಚಟ್ನಿಪುಡಿ ಕೈಯಿಂದ ಕೈಗೆ ಹೋಗುತ್ತಿತ್ತು. ನನ್ನ ಪಕ್ಕ ನೀಲಗುಂದದ ಒಬ್ಬಾಕೆ ಕೂತಿದ್ದಳು, ಹುಲಿಗೆಮ್ಮ ಅಂತ. ನನ್ನ ಮುಖ ನೋಡಿಯೇ ಅವಳಿಗೆ ನಾನು ಹೊಸಬಳು ಎಂದು ಗೊತ್ತಾಗಿತ್ತು.

"ಎಷ್ಟನೇದು ಯಕ್ಕಾ?"

"ಎರಡನೇದು," ಎಂದೆ. ಮೊದಲನೆಯದರ ಬಗ್ಗೆ ಅವಳು ಕೇಳಲಿಲ್ಲ. ಅದೊಂದು ದೊಡ್ಡ ಉಪಕಾರ.

"ನಂದು ಮೂರನೇದು. ಎರಡನೇದಕ್ಕೂ ಸಕ್ಕರಿ ಬಂದಿತ್ತು, ಹಡದ ಮ್ಯಾಲ ಹೋತು. ಈಗ ಮತ್ತ ಬಂದೈತಿ, ತವರುಮನಿಗೆ ಬಂದಂಗ." ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಹೇಳಿದಳು, "ನಾ ಸೂಜಿ ತಗಂತೀನಿ, ದಿನಾ ಎರಡು ಹೊತ್ತು. ನಾನಾ ಚುಚ್ಚಿಕ್ಯಂತೀನಿ."

"ನೋವಾಗಂಗಿಲ್ಲೇನು?"

"ಸೊಳ್ಳಿ ಕಡದಂಗ. ಸೊಳ್ಳಿ ಏನು ನಮ್ಮನ್ನ ಕೇಳಿ ಕಡೀತೈತೇನು? ಇದಾದ್ರ ನಾವಾಗೇ ಕಡಿಸಿಕ್ಯಳ್ಳೋದು, ಅಷ್ಟಾ."

ನಾನು ರೊಟ್ಟಿ ಮುಗಿಸಿದೆ. ಕೊಟ್ರೇಶ ಹೋಗಿ ಫ್ಲಾಸ್ಕು ತುಂಬಿಸಿಕೊಂಡು ಬಂದ, ಅಂಗಡಿ ಹತ್ತಿರವೇ ಅಲ್ಲವೇ. ಅವತ್ತು ಕೆನೆಯೂ ಇಳಿದಿರಲಿಲ್ಲ. ಉಂಡ ಬಾಯಿಗೆ ತಂಪಾಗಿ ಕುಡಿದೆ. ರಕ್ತ ಕೊಡಲು ಹೆಸರು ಕರೆದಾಗ ನೋಟ್‌ಬುಕ್ಕನ್ನು ಕೊಟ್ರೇಶನ ಕೈಯಲ್ಲಿ ಕೊಟ್ಟು ಒಳಗೆ ಹೋದೆ. ಹೊರಗೆ ಬಂದಾಗ ಅವನು ಅದನ್ನು ತೆರೆದುಕೊಂಡು ಕುಳಿತಿದ್ದ. ಅಥವಾ ಮುಚ್ಚಿ ಮಡಿಲಲ್ಲಿಟ್ಟುಕೊಂಡಿದ್ದನೋ. ಇಲ್ಲೇ ನನ್ನ ನೆನಪು ಅತ್ಯಂತ ಬೇಕಾಗಿದೆ, ಇಲ್ಲೇ ಅದು ಕೈಬಿಡುತ್ತದೆ. ಒಂದು ಸಲ ತೆರೆದ ಹಾಳೆ ಕಾಣುತ್ತದೆ, ಇನ್ನೊಂದು ಸಲ ನೀಲಿ ರಟ್ಟು.

ಸಂಖ್ಯೆ ಇಳಿದಿರಲಿಲ್ಲ. ತುಸು ಏರಿತ್ತು. ಡಾಕ್ಟರಮ್ಮ ನನ್ನ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು.

"ಇಷ್ಟು ಅಚ್ಚುಕಟ್ಟಾಗಿ ಯಾರೂ ಬರೆಯಲ್ಲ. ಪಥ್ಯ ನನಗಿಂತ ಚೆನ್ನಾಗಿ ಮಾಡ್ತಿದ್ದೀರಿ. ಮತ್ತೆ ಯಾಕೆ ಇಳೀತಿಲ್ಲ?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಆಮೇಲೆ, "ಇನ್ನೆರಡು ವಾರ ನೋಡೋಣ. ಇಳೀಲಿಲ್ಲ ಅಂದ್ರೆ ಇನ್ಸುಲಿನ್ ಶುರು ಮಾಡೋಣ, ಕೆಲವು ದಿನ ಇಲ್ಲೇ ಇರಬೇಕಾಗುತ್ತೆ. ಏಳನೇ ತಿಂಗಳು ಅಲ್ವಾ, ನಿಮ್ಮ ವಿಷಯದಲ್ಲಿ ನಾನು ಕಾಯಲ್ಲ," ಎಂದರು.

ಸೂಜಿಯ ಭಯವನ್ನು ಹುಲಿಗೆಮ್ಮ ಆಗಲೇ ತೆಗೆದಿದ್ದಳು. ನನ್ನನ್ನು ಹಿಡಿದು ಅಲುಗಾಡಿಸಿದ್ದು "ಏಳನೇ ತಿಂಗಳು" ಎಂಬ ಮಾತು. ವಾಪಸ್ಸು ಬರುವ ಬಸ್ಸಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮಗು ಎಷ್ಟು ಸಲ ಒದೆಯಿತು ಎಂದು ಎಣಿಸುತ್ತ ಬಂದೆ. ಹರಪನಹಳ್ಳಿಯವರೆಗೆ ಕೊಟ್ರೇಶ ಒಂದು ಮಾತೂ ಆಡಲಿಲ್ಲ. ದಾರಿಯುದ್ದ ಎಲ್ಲರನ್ನೂ ಮಾತಾಡಿಸುವ ಮನುಷ್ಯ ಅವನು.

ಆ ಎರಡು ವಾರದ ಬಗ್ಗೆ ನನ್ನ ಬಳಿ ಎರಡು ಬರಹಗಳಿವೆ. ಒಂದು, ಡಾಕ್ಟರಮ್ಮನಿಗೆ ತೋರಿಸುವ ಪಟ್ಟಿ. ಇನ್ನೊಂದು, ನನ್ನ ದಿನಚರಿ. ಪಟ್ಟಿಯಲ್ಲಿ ಕಾಫಿ ಎಂಬ ಪದವೇ ಇಲ್ಲ. ದಿನಚರಿಯಲ್ಲಿ ಮೂರು ಕಡೆ ಇದೆ. ಒಂದು ಕಡೆ: "ಕಾಫಿ ಇವತ್ತು ಸ್ವಲ್ಪ ನೀರು. ಕೊಟ್ರೇಶ: ಐಸು ಜಾಸ್ತಿ ಹಾಕ್ಯಾರ." ನಾಲ್ಕು ದಿನ ಬಿಟ್ಟು: "ಕಾಫಿಯ ರುಚಿ ಬೇರೆ. ಕೊಟ್ರೇಶ: ಹೊಸಾ ಮಷಿನ್ ಬಂದೈತಿ." ಮತ್ತೆ ಕೆಲವು ದಿನಕ್ಕೆ: "ಕಾಫಿ ಕಹಿ. ಆದರೂ ಹಿತ. ನಾಲಿಗೆ ಹದಕ್ಕೆ ಬಂದಿದೆ." ಒಂದೇ ಕೈ, ಒಂದೇ ಪೆನ್ನು, ಒಂದೇ ಮೇಜು. ಇಲ್ಲಿ ಬರೆದದ್ದನ್ನು ಅಲ್ಲಿ ಬರೆಯಲಿಲ್ಲ. ಬೇರೆ ಯಾರಾದರೂ ಹೀಗೆ ಎರಡು ದಾಖಲೆ ಬಿಟ್ಟುಹೋಗಿದ್ದರೆ, ತರಗತಿಯಲ್ಲಿ ಅವರ ಬಗ್ಗೆ ನಾನು ಏನು ಹೇಳುತ್ತಿದ್ದೆನೋ ನನಗೆ ಚೆನ್ನಾಗಿ ಗೊತ್ತು.

ಆ ನಡುವೆಯೇ ಕುಬುಸ ಆಯಿತು. ಏಳನೇ ತಿಂಗಳಲ್ಲಿ ಹಸಿರು ಬಳೆ, ಹಸಿರು ಸೀರೆ ಉಡಿಸಿ ಉಡಿ ತುಂಬುವ ಶಾಸ್ತ್ರ. ಅತ್ತೆ ಸಿಹಿಯೇ ಇಲ್ಲದ ಕುಬುಸ ಮಾಡಿದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳು ಉಸುಳಿ, ಬದನೆಕಾಯಿ ಬಜ್ಜಿ. ಬಂದ ಹೆಂಗಸರು ಎಲೆ ನೋಡಿ, ಅತ್ತೆಯ ಮುಖ ನೋಡಿ, ಸುಮ್ಮನೆ ಉಂಡರು. ಒಬ್ಬರು ಮಾತ್ರ "ಕುಬುಸಕ್ಕ ಹೋಳಿಗಿ ಇಲ್ಲದಿದ್ರ ಹೆಂಗಬೇ?" ಅಂದರು.

"ಹೋಳಿಗಿ ಕೂಸಿನ ಹೆಸರಿಡೋ ದಿನ. ಎಷ್ಟು ಹಿಡಿತೈತೋ ಅಷ್ಟು ತಿನ್ನಾಕ ಬಾ," ಎಂದರು ಅತ್ತೆ. ಕೂಸು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಆಡಿದ್ದು ಅದೇ ಮೊದಲು. ಬಡಿಸುತ್ತಿದ್ದ ಕೊಟ್ರೇಶ ನಿಂತು ತಾಯಿಯನ್ನು ನೋಡಿದ. ಮರುದಿನ ಮೂರೂವರೆಗೆ ಎಂದಿನಂತೆ ಫ್ಲಾಸ್ಕು ಬಂತು.

ಮೂರನೇ ಸಲವೂ ಅವನೇ ಜೊತೆಗೆ ಬಂದ. ಒಂದು ಚೀಲದಲ್ಲಿ ನನ್ನ ಬುತ್ತಿ, ಇನ್ನೊಂದರಲ್ಲಿ ಆಸ್ಪತ್ರೆಯಲ್ಲಿ ಉಳಿಸಿಕೊಂಡರೆ ಇರಲಿ ಎಂದು ಎರಡು ನೈಟಿ, ಟವೆಲ್ಲು, ದಿನಚರಿ. ಹುಲಿಗೆಮ್ಮ ಅವತ್ತು ಬಂದಿರಲಿಲ್ಲ. ಹೆರಿಗೆಗೆ ಒಳಗೆ ಹೋಗಿದ್ದಾಳೆ ಎಂದರು. ಉಂಡೆ. ಕೊಟ್ರೇಶ ಹೊರಗೆ ಹೋಗಿ ಫ್ಲಾಸ್ಕು ತಂದ. ಕುಡಿದೆ. ಗಡಿಯಾರ ನೋಡುತ್ತ ಕುಳಿತೆ. ಕೊಟ್ರೇಶ ಎದುರಿನ ಗೋಡೆಯ ಮೇಲಿದ್ದ ದಪ್ಪನೆಯ ಬಿಳಿ ಮಗುವಿನ ಚಿತ್ರ ನೋಡಿ, "ಇದೇನ್ರಿ ಅತ್ತಿಗಿ, ಇದಕ್ಕ ಹಾಫ್ ಟಿಕೀಟು ಕೊಡಾಕ ಆಗಂಗಿಲ್ಲ, ಫುಲ್ಲೇ ಬೇಕು," ಎಂದ. ನನಗೆ ನಗಲು ಆಗಲಿಲ್ಲ. ಅವನಿಗೂ ಆಗಲಿಲ್ಲ ಎಂದು ಈಗ ಅನಿಸುತ್ತದೆ.

ಸಂಖ್ಯೆ ಇಳಿದಿತ್ತು. ತುಸು ಅಲ್ಲ, ಚೆನ್ನಾಗಿ ಇಳಿದಿತ್ತು. ಡಾಕ್ಟರಮ್ಮ ಎರಡು ಸಲ ನೋಡಿದರು. ಮಗುವಿನ ಎದೆಬಡಿತ ಕೇಳಿಸಿದರು. "ಏನು ಮಾಡಿದ್ರಿ?" ಎಂದು ಕೇಳಿದರು. "ಅದೇ ಪಥ್ಯ," ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ.

ಹೊರಗೆ ಬಂದಾಗ ನಾನು ಬೇರೆಯೇ ಹೆಂಗಸು. "ಕೊಟ್ರೇಶ, ಆ ಅಂಗಡಿಗೆ ಹೋಗೋಣ. ಕುಂತು ಕುಡಿಯೋಣ," ಎಂದೆ.

"ಈಗಾ? ಬಸ್ ಐತ್ರಿ."

"ಮುಂದಿನ ಬಸ್ಸಿಗೆ ಹೋದ್ರಾತು."

"ಅಲ್ಲಿ ಎ.ಸಿ. ಕೆಟ್ಟೈತ್ರಿ ಅತ್ತಿಗಿ. ಒಳಗ ಕುದೀತೈತಿ."

"ಇರಲಿ ಬಾ."

ಎ.ಸಿ. ಕೆಟ್ಟಿರಲಿಲ್ಲ. ಕೌಂಟರಿನಲ್ಲಿ ಟೊಪ್ಪಿಗೆ ಹಾಕಿಕೊಂಡ ಒಬ್ಬ ಹೆಣ್ಣುಮಗಳು ಇದ್ದಳು. ಕೊಟ್ರೇಶನನ್ನು ನೋಡಿದ ಕೂಡಲೇ ಮುಖ ಅರಳಿಸಿ, "ಏನ್ ಸಾರ್, ಎರಡು ವಾರದಿಂದ ಪತ್ತೇನೇ ಇಲ್ಲ! ಫ್ಲಾಸ್ಕ್ ಎಲ್ಲಿ?" ಎಂದಳು.

ನಾನು ಕೊಟ್ರೇಶನ ಕಡೆ ತಿರುಗಿದೆ. ಅವನು ಗೋಡೆಯ ಮೇಲಿನ ಚಿತ್ರಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಫ್ಲಾಸ್ಕು ಅವನ ಹೆಗಲ ಚೀಲದಲ್ಲೇ ಇತ್ತು.

ನಾನು ಅದೇ ಕಾಫಿ ಒಂದು ಹೇಳಿದೆ. ಕೂರಲಿಲ್ಲ, ಕೌಂಟರಿನ ಹತ್ತಿರವೇ ನಿಂತು ನೋಡಿದೆ. ಮೊದಲು ಒಂದು ದೊಡ್ಡ ಡಬ್ಬಿಯಿಂದ ಬಿಳಿ ಪುಡಿ, ಎರಡು ಸೌಟು. ಸಾಲಾಗಿ ನಿಲ್ಲಿಸಿದ ಬಾಟಲಿಗಳಿಗೆ ಮೇಲೆ ಒತ್ತುವ ಮೂತಿ ಇತ್ತು, ಒಂದನ್ನು ನಾಲ್ಕು ಸಲ ಒತ್ತಿದಳು, ಜೇನಿನಂಥ ಕಂದು ಪಾಕ ಇಳಿಯಿತು. ಐಸು. ಐಸ್‌ಕ್ರೀಮು. ಹಾಲು, ಅದೂ ಸ್ವಲ್ಪ. ಮಷಿನ್ನಿನಿಂದ ಪುಟ್ಟ ಲೋಟದಲ್ಲಿ ಎರಡು ಗುಟುಕು ಕಾಫಿ, ಅದಕ್ಕೆ ಸುರಿದಳು. ಗರಗರ ತಿರುವಿ, ಮೇಲೆ ಡಬ್ಬಿಯಿಂದ ಬುಸ್ ಎಂದು ಕೆನೆ ಹಾಯಿಸಿ, ಚಾಕೊಲೇಟಿನ ಗೆರೆ ಎಳೆದಳು. ಆ ಚಿತ್ತಾರ ಅಚ್ಚುಕಟ್ಟಾಗಿತ್ತು. ಅವಳ ತಪ್ಪೇನೂ ಇಲ್ಲ, ಅವಳು ತನಗೆ ಕಲಿಸಿದ ಹಾಗೆ ಮಾಡುತ್ತಿದ್ದಳು.

"ಆ ಡಬ್ಬಿ ಒಂಚೂರು ನೋಡಬಹುದಾ?" ಎಂದು ಕೇಳಿದೆ. ನಕ್ಕು ಕೊಟ್ಟಳು.

ಪುಡಿ ಡಬ್ಬಿಯ ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರ. ಎಂ.ಎ. ಓದುವಾಗ ಸವೆದ ಶಾಸನಗಳ ಪಡಿಯಚ್ಚನ್ನು ಬೆಳಕಿಗೆ ಹಿಡಿದು ಓದಿದವಳು ನಾನು. ಇದನ್ನು ಓದುವುದು ಕಷ್ಟವಾಗಲಿಲ್ಲ. ಮೊದಲ ಪದ ಸಕ್ಕರೆ. ಆಮೇಲೆ ಗ್ಲೂಕೋಸು. ಆಮೇಲೆ ಗಟ್ಟಿ ಮಾಡಿದ ಎಣ್ಣೆ, ನಮ್ಮ ಕಡೆ ಡಾಲ್ಡಾ ಎನ್ನುವ ಜಾತಿಯದು. ಆಮೇಲೆ ಬಣ್ಣ, ವಾಸನೆ, ಅಂಕಿಗಳನ್ನು ಜೋಡಿಸಿದ ಯಾವ್ಯಾವುದೋ ಹೆಸರು. ಏನನ್ನೂ ಬಚ್ಚಿಟ್ಟಿರಲಿಲ್ಲ. ಎಲ್ಲ ಬರೆದೇ ಇತ್ತು. ನಾನು ಕೇಳಿರಲಿಲ್ಲ, ಅಷ್ಟೇ. ನನ್ನ ಪಟ್ಟಿಗಿಂತ ಆ ಡಬ್ಬಿಯ ಪಟ್ಟಿ ಪ್ರಾಮಾಣಿಕವಾಗಿತ್ತು.

ಲೋಟವನ್ನು ಮೇಜಿಗೆ ತಂದಿಟ್ಟುಕೊಂಡು ಇಬ್ಬರೂ ಕುಳಿತೆವು. ನಾನು ಮುಟ್ಟಲಿಲ್ಲ.

"ನೀನಾದ್ರೂ ಕುಡಿ," ಎಂದೆ.

"ಬ್ಯಾಡ್ರಿ. ಹಲ್ಲು ಜುಮ್ ಅಂತಾವ."

"ಕೊಟ್ರೇಶ, ಎರಡು ವಾರದಿಂದ ಫ್ಲಾಸ್ಕಿನಾಗ ಏನು ತರ್ತಿದ್ದಿ?"

ಅವನು ಲೋಟವನ್ನೇ ನೋಡುತ್ತಿದ್ದ. ಕೆನೆ ನಿಧಾನವಾಗಿ ಒಂದು ಕಡೆ ವಾಲುತ್ತಿತ್ತು. "ಕಾಫೀನ ರೀ," ಎಂದ. "ಹರಪನಹಳ್ಳಿ ಬಸ್‌ಸ್ಟ್ಯಾಂಡಿನಾಗ ನಮ್ಮ ಡ್ರೈವರಣ್ಣ ಕುಡಿಯೋ ಹೋಟ್ಲು ಐತಲ್ರಿ. ಅಲ್ಲಿ ಸಕ್ಕರಿ ಹಾಕದಂಗ ಡಿಕಾಕ್ಷನ್ನು, ಎಮ್ಮಿ ಹಾಲು. ಸೋಡಾ ಅಂಗಡ್ಯಾಗ ಐಸು. ಮೊದಲ ನಾಕು ದಿನ ಅದಕ್ಕ ಚೂರು ಸಕ್ಕರಿ ಹಾಕಿಸಿದ್ನಿ. ಒಮ್ಮಿಗೇ ಬದಲಿ ಆದ್ರ ಗೊತ್ತಾಕ್ಕಿತ್ತಲ್ರಿ. ಇವತ್ತಿಂದು ಇಲ್ಲೇ ಆಸ್ಪತ್ರಿ ಕ್ಯಾಂಟೀನಿಂದು."

"ಒಂದು ಮಾತು ನನಗ ಹೇಳಬಾರದಿತ್ತೇನು?"

"ಬಸುರಿ ಹೆಣಮಗಳಿಗೆ ಬ್ಯಾಡ ಅನ್ನಾಕ ಬರ್ತೈತೇನ್ರಿ?" ಎಂದ. ತನ್ನ ಎಡಗಿವಿಯನ್ನು ಮುಟ್ಟಿ ತೋರಿಸಿದ. "ಬ್ಯಾಡ ಅಂದ್ರ ಹಿಂಗಾಕ್ಕೈತಿ. ತಂದುಕೊಟ್ರ ಸಕ್ಕರಿ ಏರತೈತಿ. ನಾ ಕಂಡಕ್ಟರು, ಎರಡೂ ಕಡೆಯವರಿಗೆ ಸೀಟು ಮಾಡಿಕೊಡಬೇಕು."

ನಾನು ನಕ್ಕೆ. ಆಮೇಲೆ ಅಳು ಬಂತು. ಆ ಅಂಗಡಿಯಲ್ಲಿ ನಾನು ಅತ್ತದ್ದು ಅದು ಎರಡನೇ ಸಲ. ಲೋಟ ಹಾಗೇ ಬಿಟ್ಟು ಬಂದೆವು.

ಮುಂದಿನದು ಸುಲಭ, ಸುಖದ್ದನ್ನು ಬರೆಯಲು ಜಾಸ್ತಿ ಹಾಳೆ ಬೇಕಾಗುವುದಿಲ್ಲ. ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಇನ್ನು ಮೇಲೆ ಊಟ ಅಂತ ಕೇಳಲ್ಲ, ಬಾಯೊಳಗೆ ಹೋಗಿದ್ದೆಲ್ಲಾ ಅಂತ ಕೇಳ್ತೀನಿ," ಎಂದರು. ಇನ್ಸುಲಿನ್ ಬೇಕಾಗಲಿಲ್ಲ. ಬೇಕಾಗಿದ್ದರೂ ಸೊಳ್ಳೆ ಕಡಿದಷ್ಟೇ ಎಂದು ಆ ಹೊತ್ತಿಗೆ ನನಗೆ ಗೊತ್ತಿತ್ತು. ಹುಲಿಗೆಮ್ಮನಿಗೆ ಗಂಡು ಹುಟ್ಟಿತು, ತಾಯಿ ಮಗು ಚೆನ್ನಾಗಿದ್ದಾರೆ ಎಂದು ನರ್ಸಮ್ಮ ಹೇಳಿದರು. ನನಗೆ ತುಂಬಿದ ತಿಂಗಳಿಗೆ ಮಗಳು. ಅವಳ ಅಳು ಕೇಳಿ ವೀರೇಶ ಅವರು ಹೊರಗೆ "ಹೌದಾ?" ಎಂದರಂತೆ. ಹೆಸರಿಡುವ ದಿನ ಅತ್ತೆ ಕೊಟ್ಟ ಮಾತಿನಂತೆ ಹೋಳಿಗೆ ಮಾಡಿ, ಓಣಿಯವರಿಗೆಲ್ಲ ಎಷ್ಟು ಹಿಡಿಯಿತೋ ಅಷ್ಟು ಬಡಿಸಿದರು. ನಾನು ಅರ್ಧ ತಿಂದೆ. ದಿನಚರಿಯಲ್ಲಿ ಬರೆದೆ.

ಸಕ್ಕರೆ ಹೋಗಿದೆ. ಮತ್ತೆ ಬರಬಹುದು, ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ ಎಂದಿದ್ದಾರೆ, ನೋಡಿಸಿಕೊಳ್ಳುತ್ತೇನೆ. ಹೆದರಿಕೆ ಮುಂಚಿನಷ್ಟಿಲ್ಲ. ಬೆಳಿಗ್ಗೆ ಕೆರೆಯ ಕಡೆ ನಡೆಯುತ್ತೇನೆ. ಸಪ್ಪೆ ಚಹಾ ಎಷ್ಟು ರೂಢಿಯಾಗಿದೆ ಎಂದರೆ ಮದುವೆಮನೆಯ ಚಹಾ ಪಾಯಸದ ಹಾಗೆ ಅನಿಸುತ್ತದೆ. ಅಂಗಡಿಯ ಯಾವ ಪೊಟ್ಟಣವನ್ನೂ ಹಿಂದೆ ತಿರುಗಿಸಿ ಓದದೆ ಮನೆಯೊಳಗೆ ತರುವುದಿಲ್ಲ. ಅತ್ತೆ ಅದನ್ನು "ನಮ್ಮ ಸೊಸಿ ಬಿಸ್ಕೀಟಿನ ಪುರಾಣ ಓದತಾಳ" ಎಂದು ಓಣಿಯಲ್ಲಿ ಹೇಳಿಕೊಂಡು ನಗುತ್ತಾರೆ.

ಆ ಎರಡು ವಾರದ ಕಾಫಿ ನಿಜವಾದ ದಾವಣಗೆರಿ ಕಾಫಿ ಅಲ್ಲ ಎಂಬುದನ್ನು ಮಾತ್ರ ಅತ್ತೆ ಇವತ್ತಿಗೂ ಒಪ್ಪುವುದಿಲ್ಲ. ಅವರ ಬಳಿ ಪುರಾವೆ ಇದೆ. ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕಿವಿ ತಿರುಗಿಸಿ ತೋರಿಸುತ್ತಾರೆ. "ನೋಡು, ಒಂದು ಹನಿ ಸೋರಿಲ್ಲ. ಬಯಕಿ ತೀರದಿದ್ರ ಹಿಂಗ ಒಣಗಿರ್ತಿತ್ತೇನು?" ಇದಕ್ಕೆ ಉತ್ತರ ಕೊಡುವಷ್ಟು ಇತಿಹಾಸ ನಾನು ಓದಿಲ್ಲ.

ಇಷ್ಟಾದರೂ ಒಂದು ವಿಷಯ ನನ್ನನ್ನು ಬಿಟ್ಟಿಲ್ಲ. ಆ ಕಾಫಿಯಲ್ಲಿ ಏನೇನು ಬೀಳುತ್ತದೆ ಎಂದು ಕೊಟ್ರೇಶ ಮೂರು ತಿಂಗಳಿಂದ ಕೌಂಟರಿನ ಮುಂದೆ ನಿಂತು ನೋಡಿದ್ದ. ಸಕ್ಕರೆ ಕಾಣಿಸಿಕೊಂಡ ಮೇಲೂ ಎರಡು ವಾರ ತಂದುಕೊಟ್ಟ, ಡಾಕ್ಟರಮ್ಮನಿಗೆ ಗೊತ್ತಿದೆ, ಅವರು ಬೇಡ ಎಂದಿಲ್ಲ ಎಂದುಕೊಂಡು. ಅವನು ಕಾಫಿ ಬದಲಿಸಿದ್ದು ನನ್ನ ನೋಟ್‌ಬುಕ್ಕು ಅವನ ಕೈಯಲ್ಲಿದ್ದ ಆ ದಿನದ ಮರುದಿನದಿಂದ. ಅಂದರೆ ಅವತ್ತು ಅವನು ಹಾಳೆ ತೆರೆದಿದ್ದ. ಅರ್ಧ ರೊಟ್ಟಿಯನ್ನೂ ಬಿಡದೆ ಬರೆದ ಅತ್ತಿಗೆ, ತಾನು ದಿನವೂ ಹೊತ್ತು ತಂದ ಕಾಫಿಯನ್ನು ಒಂದೇ ಒಂದು ಸಲವೂ ಬರೆದಿಲ್ಲ ಎಂದು ನೋಡಿದ್ದ. ಆಮೇಲೆ ಹರಪನಹಳ್ಳಿಯವರೆಗೆ ಮಾತಾಡಲಿಲ್ಲ. ಡಾಕ್ಟರಮ್ಮನ ಮುಂದೆಯಾಗಲಿ, ಮನೆಯಲ್ಲಾಗಲಿ ನನ್ನ ಮಾನ ತೆಗೆಯಲಿಲ್ಲ.

ಹೋದ ಭಾನುವಾರ ಅವನು ಕಟ್ಟೆಯ ಮೇಲೆ ಕುಳಿತು ನನ್ನ ಮಗಳಿಗೆ ಹಳೆಯ ಟಿಕೀಟಿನ ಕಟ್ಟು ಕೊಟ್ಟು ಕಂಡಕ್ಟರ್ ಆಟ ಆಡಿಸುತ್ತಿದ್ದ. ನಾನು ಪಕ್ಕದಲ್ಲಿ ಕುಳಿತು ಕೇಳಿದೆ. ಅವನು ಕೇಳಿಸದವನ ಹಾಗೆ "ರೈಟ್, ರೈಟ್" ಎಂದು ಬಸ್ಸು ಬಿಟ್ಟ. ನಾನು ಕುಳಿತದ್ದು ಅವನ ಎಡಗಿವಿಯ ಕಡೆ. ಎದ್ದು, ಸುತ್ತಿ ಬಂದು, ಬಲಗಡೆ ಕುಳಿತು ಮತ್ತೆ ಕೇಳಿದೆ:

"ಕೊಟ್ರೇಶ, ಅವತ್ತು ನನ್ನ ಪಟ್ಟಿ ಓದಿದಾಗ, ಕಾಫಿ ಬರಿಯೋದು ಮರತಾಳ ಅಂದ್ಕಂಡ್ಯೋ, ಮುಚ್ಚಿಟ್ಟಾಳ ಅಂದ್ಕಂಡ್ಯೋ?"